ಹತ್ತಕ್ಕೆ ಮೂರು

"ನೋವು ಹತ್ತಕ್ಕೆ ಮೂರು ಅಂದ್ರೆ ಆರಾಮಾಗೇ ಇದೀರಲ್ಲ ಯಜಮಾನ್ರೇ," ಎಂದಳು ನರ್ಸಮ್ಮ. ಪೆನ್ನಿನ ಮುಚ್ಚಳ ಇನ್ನೂ ಹಲ್ಲಿನ ನಡುವೆಯೇ ಇತ್ತು. "ಹೋದ ಸಲಾನೂ ಮೂರು, ಅದರ ಹಿಂದಿನ ಸಲಾನೂ ಮೂರು. ಮೂರು ಸಲ ನಾಲ್ಕಕ್ಕಿಂತ ಕಡಿಮೆ ಬಂದ್ರೆ ಇಂಜೆಕ್ಷನ್ ಪಟ್ಟಿಯಿಂದ ಹೆಸರು ತೆಗೀತಾರೆ. ನೋಡಿ, ಯೋಚನೆ ಮಾಡಿ ಹೇಳಿ."

"ಮೂರು," ಎಂದರು ತಕ್ಕಡಿ ಮೇಷ್ಟ್ರು.

ಅವರು ಯಾರಿಗೂ ಪಾಠ ಹೇಳಿದ ಮೇಷ್ಟ್ರಲ್ಲ. ಮೂವತ್ತು ವರ್ಷದಿಂದ ಅಂಗಡಿ ಅಂಗಡಿಗೆ ಹೋಗಿ ತೂಕದ ಯಂತ್ರ ರಿಪೇರಿ ಮಾಡಿ, ತಮ್ಮ ಕಬ್ಬಿಣದ ಬಟ್ಟುಗಳನ್ನಿಟ್ಟು ಪರೀಕ್ಷೆ ಮಾಡಿ, ಸುಳ್ಳು ಹೇಳುವ ಮುಳ್ಳನ್ನು ದಾರಿಗೆ ತರುವವರು. ಹನ್ನೊಂದು ತಿಂಗಳ ಹಿಂದೆ ಅವರ ಕರುಳು ಗಂಟುಬಿದ್ದು, ಗೇಣುದ್ದ ಕತ್ತರಿಸಿ ತೆಗೆದು ಉಳಿದದ್ದನ್ನು ಹೊಲಿದಿದ್ದರು. ಹೊಲಿಗೆ ಮಾಯಿತು, ನೋವು ಮಾಯಲಿಲ್ಲ. ಹೊಕ್ಕುಳ ಬಲಕ್ಕೆ, ಗಾಯದ ಕಲೆಯ ಕೆಳಗೆ, ಯಾರೋ ಗಾಳ ಸಿಕ್ಕಿಸಿ ದಾರ ಹಿಡಿದು ಕೂತಂತೆ ನಿಂತರೆ ಜಗ್ಗುತ್ತಿತ್ತು, ಬಗ್ಗಿದರೆ ಜಗ್ಗುತ್ತಿತ್ತು, ನಾಲ್ಕು ತುತ್ತು ಹೆಚ್ಚು ತಿಂದರಂತೂ ಎಳೆದಾಡುತ್ತಿತ್ತು. ಇಪ್ಪತ್ತು ಕಿಲೋ ಬಟ್ಟು ಎತ್ತದವನಿಗೆ ಈ ಕಸುಬಿನಲ್ಲಿ ಏನು ಕೆಲಸ? ಕಲೆಯೊಳಗೆ ಸಿಕ್ಕಿಬಿದ್ದ ನರಕ್ಕೆ ಇಂಜೆಕ್ಷನ್ ಕೊಟ್ಟರೆ ಮತ್ತೆ ಎತ್ತಬಹುದು ಎಂದಿದ್ದರು ಡಾಕ್ಟರು. ಅದೊಂದೇ ಆಸೆ.

ಆದರೆ ಆ ಇಂಜೆಕ್ಷನ್ನಿಗೆ ದಾರಿ ನೋವು ಅಳೆಯುವ ಈ ಹಾಳು ಪಟ್ಟಿಯ ಮೇಲೆ ಹಾದುಹೋಗುತ್ತಿತ್ತು. ಸೊನ್ನೆಯಿಂದ ಹತ್ತು, ಕೆಳಗೆ ನಗುವ ಮುಖದಿಂದ ಅಳುವ ಮುಖದವರೆಗೆ ಸಾಲಾಗಿ ಗೊಂಬೆಗಳು. ಮೇಷ್ಟ್ರು ಅದನ್ನು ಅಂಗಡಿಯವನು ಬೆರಳಿಂದ ಒತ್ತಿ ತೂಗುವ ತಕ್ಕಡಿಯನ್ನು ನೋಡುವ ಹಾಗೆ ನೋಡಿದರು. ಪರೀಕ್ಷೆಗೆ ಬಟ್ಟಿಲ್ಲ, ಸರ್ಕಾರದ ಮುದ್ರೆಯಿಲ್ಲ. ಅವರವರ ಹತ್ತು ಅವರವರಿಗೆ. ಹೊರಗೆ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಬನ್ ತಿನ್ನುತ್ತಿದ್ದ ಒಬ್ಬ ಆಸಾಮಿ, "ನಾನಂತೂ ಯಾವಾಗ್ಲೂ ಹತ್ತಕ್ಕೆ ಹನ್ನೊಂದು ಅಂತೀನಿ ಸಾರ್, ಆಮೇಲೆ ಯಾರೂ ಕೇಳಲ್ಲ," ಎಂದು ಕಣ್ಣು ಹೊಡೆದಿದ್ದ. ಅವನ ಪಕ್ಕದಲ್ಲೇ ಕೂತಿದ್ದ, ಮೇಷ್ಟ್ರ ಹೆಂಡತಿಯ ತಮ್ಮ ಅದಕ್ಕಿಂತ ದೊಡ್ಡ ಜ್ಞಾನಿ. "ಭಾವ, ನೋವಿನ ಬಗ್ಗೆ ಯೋಚನೆ ಮಾಡೋದೇ ಬಿಟ್ಬಿಡಿ, ಅದೇ ಬೇಜಾರಾಗಿ ಹೋಗುತ್ತೆ," ಎಂದಿದ್ದ. ಕಾಲುಗುರು ಒಳಗೆ ಬೆಳೆದದ್ದಕ್ಕೆ ನಾಲ್ಕು ದಿನ ರಜೆ ಹಾಕಿ ಮಲಗಿದ್ದ ಪುಣ್ಯಾತ್ಮ.

"ತೂಕ ಚೆನ್ನಾಗಿದೆ," ಎಂದಳು ನರ್ಸಮ್ಮ ಫೈಲು ತಿರುವುತ್ತ. "ಐವತ್ತೆಂಟು. ಎರಡು ಕಿಲೋ ಜಾಸ್ತಿ ಆಗಿದೀರಿ. ಊಟ ಮೈಗೆ ಹತ್ತುತ್ತಾ ಇದೆ."

"ಊಟ ಅಲ್ಲಮ್ಮ, ನಿಮ್ಮ ಯಂತ್ರ ಹತ್ತುತ್ತಾ ಇದೆ. ಯಾರೂ ಇಲ್ಲದಾಗಲೇ ಎರಡು ತೋರಿಸ್ತಾ ನಿಂತಿದೆ, ನೋಡಿ. ಅದರ ಮೇಲೆ ನಿಂತವರೆಲ್ಲ ನಿಮ್ಮ ಫೈಲಲ್ಲಿ ದಪ್ಪ ಆಗ್ತಾ ಇದಾರೆ."

ನರ್ಸಮ್ಮ ಮೂಲೆಯ ಯಂತ್ರ ನೋಡಿದಳು, ಆಮೇಲೆ ಪಕ್ಕದ ಕುರ್ಚಿಯಲ್ಲಿದ್ದ ಮೇಷ್ಟ್ರ ಹೆಂಡತಿಯ ಕಡೆ ನೋಡಿದಳು. "ಮನೇಲೂ ಹೀಗೇನಾ?"

"ನನ್ನ ಹೆರಿಗೆ ಆದಾಗ ಮಗೂನ ಆಮೇಲೆ ನೋಡಿದ್ರು," ಎಂದಳು ಹೆಂಡತಿ. "ಮಗು ತೂಗಿದ ತಕ್ಕಡೀನ ಮೊದ್ಲು ನೋಡಿದ್ರು."

"ಅದು ನೂರು ಗ್ರಾಂ ಕಡಿಮೆ ತೋರಿಸ್ತಿತ್ತು," ಎಂದರು ಮೇಷ್ಟ್ರು.

ನರ್ಸಮ್ಮ ಪೆನ್ನು ಕೆಳಗಿಟ್ಟಳು. "ಸರಿ. ನಿಮಗೆ ಹತ್ತು ಅಂದ್ರೆ ಯಾವುದು?"

ಈ ಪ್ರಶ್ನೆಗೇ ಕಾಯುತ್ತಿದ್ದವರಂತೆ ಮೇಷ್ಟ್ರು ನೆಟ್ಟಗಾಗಲು ಹೋದರು. ಗಾಳ ಜಗ್ಗಿತು, ಮತ್ತೆ ಬಾಗಿದರು. "ಕರುಳು ಗಂಟುಬಿದ್ದ ದಿನ. ಬಚ್ಚಲ ನೆಲಕ್ಕೆ ಹಲ್ಲೂರಿ ಬಿದ್ದಿದ್ದೆ. ಅದು ಹತ್ತು. ಅದನ್ನ ಆ ಕಡೆ ಇಟ್ಟು ಈ ಕಡೆ ಇದನ್ನಿಟ್ರೆ ಮೂರು. ನಿಜ ಹೇಳ್ಬೇಕಂದ್ರೆ ಎರಡೂವರೆ. ನಿಮ್ಮಲ್ಲಿ ಅದಕ್ಕೆ ಗೆರೆ ಇಲ್ಲ. ಹನ್ನೊಂದು ಅನ್ನೋ ಜಾತಿ ನಂದಲ್ಲ."

ಹೆಂಡತಿ ನಕ್ಕಳು. ಸಂತೋಷದ ನಗೆಯಲ್ಲ, ಕೊಳೆತ ತರಕಾರಿ ಕೊಟ್ಟ ಅಂಗಡಿಯವನ ಎದುರು ನಗುವ ನಗೆ.

"ಲಾರಿ ತೂಗೋ ಯಂತ್ರದ ಮೇಲೆ ಹಸುಗೂಸನ್ನ ಮಲಗಿಸಿದ ಪೆದ್ದನ ಕಥೆ ಎಷ್ಟು ಸಲ ಹೇಳಿದೀರಿ ನಂಗೆ? ಮುಳ್ಳು ಅಲುಗಲಿಲ್ಲ, ಮಗೂಗೆ ತೂಕಾನೇ ಇಲ್ಲ ಅಂದನಂತೆ. ಆ ಪೆದ್ದ ಈಗ ನಮ್ಮ ಮನೇಲೇ ಇದಾನೆ."

ಮೇಷ್ಟ್ರು ಬಾಯಿ ತೆರೆದರು.

"ಇರಿ, ಮುಗೀಲಿಲ್ಲ. ಹನ್ನೊಂದು ತಿಂಗಳಿಂದ ನಿಮ್ಮ ಶೂ ಲೇಸು ಕಟ್ತಾ ಇರೋಳು ನಾನು. ಊಟ ಆದ್ಮೇಲೆ ಗೋಡೆ ಹಿಡ್ಕೊಂಡು ಒಂದು ಗಂಟೆ ಓಡಾಡ್ತೀರಿ. ಹೊಟ್ಟೆ ಮೇಲೆ ಬಿಸಿನೀರಿನ ಚೀಲ ಇಲ್ದೆ ಕೂರಕ್ಕಾಗಲ್ಲ. ಐದು ಕಿಲೋ ಬಟ್ಟು ಎತ್ತಿ ಮುಖ ಹಿಂಡ್ತೀರಿ, ಕೇಳಿದ್ರೆ ಮೂರು. ನಿಮ್ಮ ಆ ಮೂರನ್ನ ಹೊತ್ತು ಹೊತ್ತು ನನ್ನ ಸೊಂಟ ಬಿದ್ದೋಗಿದೆ."

ಮೇಷ್ಟ್ರಿಗೆ ಮೈ ಉರಿಯಿತು. ಹೆಂಡತಿ ಬೈದದ್ದಕ್ಕಲ್ಲ, ಅದಕ್ಕೆ ಅವರು ಎಂದೋ ಒಗ್ಗಿಹೋಗಿದ್ದರು. ಅವಳ ಲೆಕ್ಕ ಸರಿಯಿತ್ತು, ಅದಕ್ಕೆ. ಸಣ್ಣ ತೂಕವನ್ನು ದೊಡ್ಡ ಯಂತ್ರಕ್ಕಿಡಬಾರದು ಎಂದು ಊರಿನ ಅಂಗಡಿಯವರನ್ನೆಲ್ಲ ಮೂವತ್ತು ವರ್ಷ ದಡ್ಡರೆಂದು ಬೈದುಕೊಂಡು ಬಂದವರು, ತಮ್ಮ ಹೊಟ್ಟೆಯನ್ನೇ ಒಯ್ದು ಲಾರಿ ಯಂತ್ರಕ್ಕೆ ಇಟ್ಟಿದ್ದರು. ಪ್ರಾಮಾಣಿಕತೆ ಅಂತ ಬೇರೆ ಬೀಗಿದ್ದರು.

"ಆ ದಿನದ ಮಾತು ಬಿಡಿ," ಎಂದಳು ನರ್ಸಮ್ಮ, ಈ ಸಲ ಮೆತ್ತಗೆ. "ಈ ವಾರ ಏನೇನು ಮಾಡಕ್ಕಾಗಲಿಲ್ಲ, ಅಷ್ಟು ಇಟ್ಕೊಂಡು ಹೇಳಿ."

ಮೇಷ್ಟ್ರು ಗೊಂಬೆಗಳ ಸಾಲನ್ನು ದಿಟ್ಟಿಸಿದರು. ಅಳುವ ಮುಖದ ಪಕ್ಕದಲ್ಲಿದ್ದ ಮುಖಗಳು ಭಾವಮೈದನನ್ನೇ ಹೋಲುತ್ತಿದ್ದವು.

"ಏಳು," ಎಂದರು, ಕಹಿ ಗುಳಿಗೆ ಉಗುಳಿದಂತೆ. "ಪಕ್ಕದಲ್ಲಿ ಬರೀರಿ, ನೋವು ಜಾಸ್ತಿ ಆಗಿಲ್ಲ, ತಕ್ಕಡಿ ಬದಲಾಯ್ತು ಅಂತ."

"ಅಷ್ಟು ಬರೆಯಕ್ಕೆ ಜಾಗ ಇಲ್ಲ ಯಜಮಾನ್ರೇ."

"ಇರಲ್ಲ. ಗೊಂಬೆ ಬಿಡಿಸಕ್ಕೆ ಇರುತ್ತೆ."

ನರ್ಸಮ್ಮ ಏಳು ಬರೆದು, ಇಂಜೆಕ್ಷನ್ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಗುರುತು ಹಾಕಿ, ಮುಂದಿನವರಿಗಾಗಿ ಗಂಟೆ ಒತ್ತಿದಳು.

ಮೇಷ್ಟ್ರು ಎದ್ದವರು ಬಾಗಿಲ ಕಡೆ ಹೋಗಲಿಲ್ಲ. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಮೂಲೆಯ ಯಂತ್ರದ ಹತ್ತಿರ ಹೋದರು. ಅರ್ಧ ಬಗ್ಗಿದರು, ಅಲ್ಲೇ ನಿಂತರು. ಒಂದು ಕೈ ಗೋಡೆ ಹುಡುಕಿತು. ಹೆಂಡತಿ ಅವರ ಇನ್ನೊಂದು ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡು, ಕುಕ್ಕರುಗಾಲಲ್ಲಿ ಕೂತು ತಿರುಪು ತಿರುಗಿಸಿದಳು. ಮುಳ್ಳು ಎರಡರಿಂದ ಮೂರಕ್ಕೆ ಹೋಯಿತು. ಅವಳು ಆ ಕಡೆಯಿಂದ ಈ ಕಡೆಗೆ ತಿರುಗಿಸಿದಳು. ಮುಳ್ಳು ಜಾರಿ, ನಡುಗಿ, ಸೊನ್ನೆಯ ಮೇಲೆ ನಿಂತಿತೋ ಇಲ್ಲವೋ, ಹನ್ನೊಂದರ ಆಸಾಮಿ ಒಳಗೆ ಬಂದು ಬನ್ ಸಮೇತ ಅದರ ಮೇಲೆ ಹತ್ತಿ ನಿಂತ.