ಎಡಗಡೆಯ ಬ್ಲೂಬೆರಿ ಪೈ

ಪಾರ್ಶ್ವವಾಯು ಬಡಿದ ಮೇಲೆ ಐಲಿ ಅಜ್ಜಿಯ ಪಾಲಿಗೆ ಜಗತ್ತಿನ ಎಡ ಅರ್ಧ ಇಲ್ಲವೇ ಇಲ್ಲವಾಗಿತ್ತು. ಕಣ್ಣುಗಳು ಚೆನ್ನಾಗಿಯೇ ಇದ್ದವು. ಮಿದುಳು ಮಾತ್ರ ಎಡಕ್ಕೆ ಗಮನ ಕೊಡುತ್ತಿರಲಿಲ್ಲ. ತಟ್ಟೆಯ ಬಲಭಾಗವನ್ನಷ್ಟೇ ತಿಂದು ಮುಗಿಸಿ, "ಈ ಥಂಡರ್ ಬೇ ಊರಲ್ಲಿ ಇಷ್ಟು ಜಿಪುಣರನ್ನ ನಾನು ನೋಡೇ ಇಲ್ಲ" ಎಂದು ಆಸ್ಪತ್ರೆಯ ಅಡುಗೆಯವರನ್ನು ಬೈಯುತ್ತಿದ್ದರು.

ಅವರನ್ನು ದಿನನಿತ್ಯದ ಕೆಲಸಗಳಿಗೆ ಮತ್ತೆ ಅಣಿಗೊಳಿಸಬೇಕಾದ ಥೆರಪಿಸ್ಟ್ ನಾನು, ಕೊಲೀನ್. ಊಟದ ಟ್ರೇಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, "ಇದು ಕಾಣೋವರೆಗೂ ತಲೆ ತಿರುಗಿಸಿ" ಎಂದು ಹೇಳಿ ಹೇಳಿ ಸಾಕಾಯಿತು. ಹೇಳಿದಾಗ ತಿರುಗುತ್ತಿದ್ದರು, ಮರುಕ್ಷಣ ಮರೆಯುತ್ತಿದ್ದರು.

ಕೊನೆಗೆ ಅವರ ಗಂಡ ರೈನೊ ಅಜ್ಜನ ಕಿವಿಯಲ್ಲಿ ನಾನೊಂದು ಉಪಾಯ ಹೇಳಿದೆ. ಮರುದಿನ ಅಜ್ಜ ಹೆಂಡತಿಯ ಎಡಕ್ಕೆ ಕೂತು, ಅವರ ಟ್ರೇಯ ಎಡಗಡೆ ಇಟ್ಟಿದ್ದ, ನೀಲಿ ಹಣ್ಣಿನ ಹೂರಣದ ಬ್ಲೂಬೆರಿ ಪೈಯನ್ನು ಚಪ್ಪರಿಸಿ ತಿನ್ನತೊಡಗಿದರು.

"ಏನು ತಿಂತಿದ್ದೀಯ?"

"ನಿನ್ನ ಪೈ."

"ಸುಳ್ಳು. ನಂಗೆ ಇವತ್ತು ಪೈ ಕೊಟ್ಟೇ ಇಲ್ಲ."

"ಹಾಗಾದ್ರೆ ಒಳ್ಳೇದೇ ಆಯ್ತು. ಇನ್ನೊಂದು ತುತ್ತು ತಿಂತೀನಿ."

ಅಜ್ಜಿಯ ಮುಖ ಕೆಂಪಾಯಿತು. ತಲೆ ನಿಧಾನವಾಗಿ ಎಡಕ್ಕೆ ಹೊರಳಿತು. ಅರ್ಧ ಉಳಿದ ಪೈ ದಾಟಿ, ಕೆಂಪು ಪಟ್ಟಿ ದಾಟಿ, ನೋಟ ತುಟಿಯೆಲ್ಲ ನೀಲಿಯಾಗಿದ್ದ ಗಂಡನ ಮೇಲೆ ನಿಂತಿತು. ಅಜ್ಜಿಯ ಚಮಚ ಅಜ್ಜನ ಬೆರಳ ಮೇಲೆ ಟಪ್ಪೆಂದು ಬಿತ್ತು.

"ಕಳ್ಳ! ಮದುವೆ ಆದಾಗಿಂದ ಇದೇ ಬುದ್ಧಿ ನಿಂದು!"

ಅಜ್ಜ ಬೆರಳು ಉಜ್ಜಿಕೊಳ್ಳುತ್ತ, ನಗುತ್ತ, ಕಣ್ಣೊರೆಸಿಕೊಂಡರು. "ತಾನಾಗೇ ತಿರುಗಿ ನೋಡಿದ್ಲು, ಕೊಲೀನ್!"

ಅಂದಿನಿಂದ ಅಜ್ಜಿ ಊಟಕ್ಕೆ ಕೂತೊಡನೆ ಮೊದಲು ನೋಡುತ್ತಿದ್ದುದು ಎಡಕ್ಕೇ. ವಾರ ಕಳೆಯುವುದರಲ್ಲಿ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು: "ಇಷ್ಟು ಬೇಗ ವಾಸಿ ಮಾಡಬಾರದಿತ್ತು ಕಣಮ್ಮ. ಪೈ ತುಂಬ ಚೆನ್ನಾಗಿತ್ತು."