ಓನರ್ ಬಾಗಿಲು ತಟ್ಟಿದರೆ

ಬಾಡಿಗೆಗೆ ಇರುವವರು ಮನೆ ಓನರನ್ನು ಮನುಷ್ಯ ಎಂದುಕೊಳ್ಳುವುದಿಲ್ಲ. ಬಾಡಿಗೆ, ನೀರು, ಸದ್ದು ಬಿಟ್ಟರೆ ಅವನ ತಲೆಯಲ್ಲಿ ಬೇರೇನೂ ಇರುವುದಿಲ್ಲ ಎಂಬುದು ಅವರ ನಂಬಿಕೆ. ರಾಮಮೂರ್ತಿ ನಗರದಲ್ಲಿ ನಮ್ಮ ಹೊಲವಿದ್ದ ಜಾಗದಲ್ಲೇ ಮನೆ ಕಟ್ಟಿಸಿ ಮೇಲಿನದನ್ನು ಬಾಡಿಗೆಗೆ ಬಿಟ್ಟ ದಿನವೇ ನಾನು ಮುನಿಆಂಜನಪ್ಪ ಹೋಗಿ ಓನರ್ ಆದೆ. ಆ ಹೆಸರು ನನ್ನ ಕಿವಿಗೆ ಮಾಡಿದ ಅನ್ಯಾಯ ಅಷ್ಟಿಷ್ಟಲ್ಲ.

ನನಗೆ ಸಂಗೀತ ಎಂದರೆ ಮೊದಲು ಊರ ಹಬ್ಬದ ತಮಟೆ, ಆಮೇಲೆ ಟೆಂಟಿನ ಸಿನಿಮಾ ಹಾಡು. ಅಷ್ಟರಲ್ಲೇ ಸುಖವಾಗಿದ್ದೆ. ತೊಂಬತ್ಮೂರರಲ್ಲಿ ಮೇಲಿನ ಮನೆಗೆ ಧಾರವಾಡದ ಕಡೆಯ ಶಿವಶಂಕರಪ್ಪ ಬಂದರು. ಬೆಳಗಾದರೆ ಅವರ ಟೇಪ್ ರೆಕಾರ್ಡರಿನಲ್ಲಿ ಹಿಂದೂಸ್ತಾನಿ.

"ಯಾರೋ ಗಂಟ್ಲು ತೊಳ್ಕೊಂತಾವ್ರೆ" ಎಂದು ನನ್ನ ಹೆಂಡತಿ ಚಿಕ್ಕಮುನಿಯಮ್ಮ ನಕ್ಕಳು. ನಾನೂ ನಕ್ಕೆ. ಮಳೆಗಾಲ ಕಳೆಯುವ ಹೊತ್ತಿಗೆ ಆ ಗಂಟಲು ಕೇಳದೆ ನನಗೆ ಕಾಫಿ ಇಳಿಯದಂತಾಯಿತು. ಕ್ಯಾಸೆಟ್ ಕೊಳ್ಳೋಣವೆಂದು ಹಲಸೂರಿನ ಅಂಗಡಿಗೆ ಹೋದರೆ, "ಹೆಸರೇ ಗೊತ್ತಿಲ್ದೆ ಏನ್ ಕೊಡ್ಲಿ ಯಜಮಾನ್ರೆ" ಎಂದು ಅಂಗಡಿಯವನು ನೊಣ ಓಡಿಸುವ ಹಾಗೆ ಕೈಯಾಡಿಸಿದ.

ಸರಿ, ಹೆಸರು ಕೇಳೋಣ ಎಂದು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದೆ.

"ತಪ್ಪಾತ್ರೀ, ನಿಮಗ ತ್ರಾಸ ಆತು ಕಾಣಸ್ತದ" ಎನ್ನುತ್ತಲೇ ಶಿವಶಂಕರಪ್ಪ ಓಡಿಹೋಗಿ ಟೇಪ್ ಆರಿಸಿದರು. ಹೆಸರು ಕೇಳುವುದು ಬಿಟ್ಟು ನಾನು ಸಂಪಿನ ನೀರಿನ ವಿಷಯ ಏನೋ ಒಂದಿಷ್ಟು ಮಾತಾಡಿ ಇಳಿದು ಬಂದೆ. ಮರುದಿನದಿಂದ ಆ ದನಿ ಅವರ ಮನೆಯ ಗೋಡೆ ದಾಟಲಿಲ್ಲ.

ಅವರಿಗೆ ವರ್ಗವಾದ ಮೇಲೆ ಶಿವಾಜಿನಗರದಿಂದ ಟೆಂಪೋ ಓಡಿಸುವ ಗಯಾಜ್ ಮತ್ತು ಅವನ ಹೆಂಡತಿ ಶಕೀಲಾ ಬಂದರು. ಗುರುವಾರ ಸಂಜೆ ಅವರ ಮನೆಯ ಟೇಪಿನಲ್ಲಿ ಕವ್ವಾಲಿ. ಒಂದೇ ಸಾಲನ್ನು ಎಷ್ಟು ಸಲ ಹೇಳಿದರೂ ಪ್ರತಿಸಲ ಬೇರೆಯೇ ಕೇಳುತ್ತಿತ್ತು. ಚಪ್ಪಾಳೆ ಏರಿದಂತೆ ನನ್ನ ಕಾಲು ಸುಮ್ಮನಿರುತ್ತಿರಲಿಲ್ಲ. ಈ ಬಾರಿ ನಾನು ಬುದ್ಧಿವಂತನಾಗಿದ್ದೆ. ಬಾಗಿಲು ತಟ್ಟದೆ ಮೆಟ್ಟಿಲ ಮೇಲೆ ಕುಳಿತು ಕೇಳತೊಡಗಿದೆ. ಒಂದು ಗುರುವಾರ ಶಕೀಲಾ ಕಸದ ಬುಟ್ಟಿ ಹಿಡಿದು ಹೊರಗೆ ಬಂದವಳು ನನ್ನನ್ನು ಕಂಡು ಹೆಜ್ಜೆ ಹಿಂದಿಟ್ಟಳು. ಓನರ್ ಕಾದು ಕುಳಿತಿದ್ದಾರೆ ಎಂಬ ಸುದ್ದಿ ಒಳಗೆ ಮುಟ್ಟಿತು. ಅಂದಿನಿಂದ ಗಯಾಜ್ ಬೀದಿಯಲ್ಲಿ ನಿಂತ ಟೆಂಪೋದೊಳಗೆ, ಬಾಗಿಲಿನ ಗಾಜು ಏರಿಸಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಕವ್ವಾಲಿ ಕೇಳಿದ. ನಮ್ಮ ಮನೆಯ ಕಿಟಕಿಯಿಂದ ಅವನ ತಲೆ ಅಲ್ಲಾಡುವುದನ್ನು ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು.

ಎರಡು ಸಾವಿರದ ನಾಲ್ಕರಲ್ಲಿ ದಾವಣಗೆರೆಯ ಹುಡುಗಿ ವೈಷ್ಣವಿ ಬಂದಳು. ಇಂದಿರಾನಗರದಲ್ಲಿ ಕೆಲಸ. ಭಾನುವಾರ ಮಧ್ಯಾಹ್ನ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಹಾಡು ಹಾಕುತ್ತಿದ್ದಳು. ಮೊದಮೊದಲು ಅದು ನನಗೆ ತಗಡಿನ ಮೇಲೆ ಕಲ್ಲು ಬಿದ್ದ ಹಾಗಿತ್ತು. ಅದರ ನಡುವೆ ಒಂದು ಹಾಡು ಮಾತ್ರ ಬೇರೆ. ಬಹಳ ಹೊತ್ತು ಬರೀ ಗಿಟಾರು. ಆಮೇಲೆ ವಯಸ್ಸಾದ ಗಂಡಸಿನ ದನಿ. ಒಂದು ಪದವೂ ನನಗೆ ತಿಳಿಯದು. ಆದರೆ ಅವನು ಏನನ್ನೋ ಕಳೆದುಕೊಂಡಿದ್ದಾನೆ, ಅದಕ್ಕಾಗಿ ಯಾರ ಮುಂದೆಯೂ ಕೈ ಚಾಚುವುದಿಲ್ಲ ಎಂಬುದು ತಿಳಿಯುತ್ತಿತ್ತು. ಆ ಹಾಡು ನನಗೆ ಬೇಕಿತ್ತು. ಅಷ್ಟು ಆಸೆಯಿಂದ ನಾನು ಸೈಟನ್ನೂ ಕೊಂಡವನಲ್ಲ.

ಮತ್ತೆ ಬಾಗಿಲು ತಟ್ಟಿದೆ.

"ಸಾರಿ ಅಂಕಲ್, ಕಮ್ಮಿ ಮಾಡ್ತೀನಿ" ಎಂದಳು, ನಾನು ಬಾಯಿ ತೆರೆಯುವ ಮುಂಚೆಯೇ.

ಇಷ್ಟು ವರ್ಷದ ಸಿಟ್ಟು ನೆತ್ತಿಗೇರಿತು. "ಕಮ್ಮಿ ಮಾಡ್ಬೇಡಮ್ಮ. ಇನ್ನೂ ಜೋರಾಗ್ ಹಾಕು. ಇಡೀ ರೋಡ್‌ಗೇ ಕೇಳ್ಲಿ" ಎಂದೆ.

ಬೆಂಗಳೂರಿನ ಮನೆ ಓನರ್ ಬಾಯಲ್ಲಿ ಈ ಮಾತಿಗೆ ಒಂದೇ ಅರ್ಥ. ಹುಡುಗಿಯ ಕಣ್ಣಲ್ಲಿ ನೀರು ತುಂಬಿತು. ಹಾಡು ನಿಂತಿತು.

"ಏನಂದ್ರಿ ಆ ಮಗೀಗೆ? ಅಳ್ತಾ ಅದೆ" ಎಂದಳು ಚಿಕ್ಕಮುನಿಯಮ್ಮ.

"ಜೋರಾಗ್ ಹಾಕು ಅಂದೆ, ಅಷ್ಟೇ ಕಣೆ."

"ಬಯ್ಯೋದಾದ್ರೆ ನೆಟ್ಟಗೆ ಬಯ್ರಿ. ಹಂಗೆಲ್ಲಾ ಚುಚ್ಚಿ ಮಾತಾಡ್ಬಾರ್ದು."

ಕಟ್ಟಿಕೊಂಡವಳಿಗೇ ಅರ್ಥವಾಗದ್ದು ಇನ್ನಾರಿಗೆ ಅರ್ಥವಾದೀತು? ವೈಷ್ಣವಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಮುಂದಿನ ಭಾನುವಾರಗಳಲ್ಲಿ ನನಗೆ ಕೇಳಿದ್ದು ಮೇಲಿನ ಮನೆಯ ಫ್ಯಾನ್ ಮಾತ್ರ.

ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುತ್ತಲೇ ಅವಳು ಮನೆ ಖಾಲಿ ಮಾಡಿದಳು. ಸಾಮಾನು ಲಗೇಜ್ ಆಟೋಗೆ ಏರಿತು. ಬೀಗದ ಕೈ ಕೊಡಲು ಬಂದಾಗ ನಾನು ಮಾನ ಮರ್ಯಾದೆ ಎಲ್ಲ ಬಿಟ್ಟು ಹೇಳಿಯೇಬಿಟ್ಟೆ. "ನಿನ್ನ ಹಾಡಿಂದ ನಂಗೆ ತೊಂದ್ರೆ ಇರ್ಲಿಲ್ಲಮ್ಮ. ಒಂದು ಹಾಡು ನಂಗೆ ಬಲೇ ಇಷ್ಟ. ಅದ್ರ ಹೆಸ್ರು ಕೇಳೋಕೇ ಅವತ್ತು ಬಂದಿದ್ದು."

ಅವಳು ನನ್ನ ಮುಖ ನೋಡಿದಳು. ಮೊದಲ ಸಲ ಹೆದರದೆ ನೋಡಿದಳು. "ಅಯ್ಯೋ ಅಂಕಲ್, ಯಾವ್ದು? ಸ್ವಲ್ಪ ಗುನುಗಿ, ಹೇಳ್ತೀನಿ."

ಆಟೋದವನು ನೋಡುತ್ತಿದ್ದ, ಎದುರು ಮನೆಯವರು ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿ ಶುರು ಮಾಡಿದೆ. ಗಿಟಾರಿನದ್ದನ್ನೂ ಬಿಡಲಿಲ್ಲ, ಆ ಮುದುಕನದ್ದನ್ನೂ ಬಿಡಲಿಲ್ಲ. ಎಳೆಯಬೇಕಾದಲ್ಲಿ ಎಳೆದೆ, ದನಿ ತಾನಾಗಿ ಬಾಗಿದ ಕಡೆ ಬಾಗಲು ಬಿಟ್ಟೆ. ನನ್ನ ಕಿವಿಗೆ ಅದು ಅಚ್ಚು ಅದೇ ಹಾಡು. ಮುಗಿಸಿ ಕಣ್ಣು ಬಿಟ್ಟಾಗ ವೈಷ್ಣವಿ ಕೈ ಜೋಡಿಸಿಕೊಂಡು ನಿಂತಿದ್ದಳು.

"ತುಂಬಾ ಚೆನ್ನಾಗ್ ಹಾಡ್ತೀರ ಅಂಕಲ್" ಎಂದಳು. "ಯಾವ್ ದೇವ್ರ ನಾಮ ಇದು?"

"ನಂಗೂ ಗೊತ್ತಿಲ್ಲಮ್ಮ" ಎಂದು ಬೀಗದ ಕೈ ಇಸಿದುಕೊಂಡೆ.