ಜೊತೆಗೆ ಬಂದವಳು

ಅಗಡಿಯ ಬಸ್ ನಿಲ್ದಾಣದ ಪಕ್ಕದ ಹಿಟ್ಟಿನ ಗಿರಣಿಗೆ ಏಪ್ರಿಲ್ ಎಂದರೆ ಸೀನಿನ ತಿಂಗಳು. ಬ್ಯಾಡಗಿ ಪೇಟೆಯಿಂದ ವರ್ಷಕ್ಕಾಗುವಷ್ಟು ಮೆಣಸಿನಕಾಯಿ ತರಿಸಿ, ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ, ಹೆಂಗಸರು ಚೀಲ ಹೊತ್ತು ಸಾಲುಗಟ್ಟುತ್ತಿದ್ದರು. ಕೊಟ್ರೇಶ ಮೂಗಿಗೆ ಟವೆಲ್ ಸುತ್ತಿಕೊಂಡು ಖಾರ ಕುಟ್ಟುವ ಯಂತ್ರದ ಮುಂದೆ ನಿಂತನೆಂದರೆ ಮಧ್ಯಾಹ್ನದವರೆಗೆ ಅಲ್ಲಾಡುವಂತಿರಲಿಲ್ಲ. ಆ ಗದ್ದಲದಲ್ಲೇ ಮಗ ವಿಜಯಮಹಾಂತೇಶ ಹೊಸ ಟೋಪಿ ಹಾಕಿಕೊಂಡು ಬಂದು ನಿಂತ. ಅವನ ಚೀಲ, ನೀರಿನ ಬಾಟಲಿ, ಬುತ್ತಿ ಎಲ್ಲ ಹಿಡಿದುಕೊಂಡು ಹಿಂದೆಯೇ ಅಕ್ಕ ದೀಪಿಕಾ.

“ಅಪ್ಪಾ, ಬಸ್ ಬಂತು. ಹೊಂಟ್ವಿ.”

“ಹುಷಾರು. ದೀಪಿ, ಅವನ ಕೈ ಬಿಡಬ್ಯಾಡ. ರಸ್ತೆ ದಾಟೂಮುಂದ ಎರಡೂ ಕಡೆ ನೋಡು.”

“ಹ್ಞೂಂ ಅಪ್ಪಾ.”

ಹಾವೇರಿಯ ಶಾಲೆಯೊಂದರ ಅಂಗಳದಲ್ಲಿ ಮಕ್ಕಳ ಬೇಸಿಗೆ ಶಿಬಿರ ನಡೆದಿತ್ತು. ನಾಟಕ, ಚಿತ್ರ, ಮಣ್ಣಿನ ಗೊಂಬೆ, ಹಾಡು. ಮಹಾಂತು ಮನೆಯಲ್ಲಿದ್ದರೆ ಹಂಚು ಒಡೆಯುವ ಪೈಕಿ. “ಆಡಲಿ ಬಿಡ್ರಿ, ಮನ್ಯಾಗಿದ್ರ ಗಿರಣಿ ಪಟ್ಟಾದಾಗ ಕೈ ಹಾಕ್ತಾನ” ಎಂದು ಕೊಟ್ರೇಶ ಅವನ ಹೆಸರು ಹಚ್ಚಿ ಬಂದಿದ್ದ. ಒಂಬತ್ತರ ಹುಡುಗನನ್ನು ಒಬ್ಬನೇ ಬಸ್ಸಿಗೆ ಹತ್ತಿಸುವುದು ಹೇಗೆ? ದೀಪಿಕಾ ಇದ್ದಳಲ್ಲ. ಎಂಟನೆಯ ತರಗತಿ ಮುಗಿಸಿದವಳು, ಹೇಳಿದ ಮಾತು ಮೀರದವಳು. ಅವಳ ಹೆಸರನ್ನೂ ಹಚ್ಚಬಹುದಿತ್ತು ಎಂಬುದು ಆ ಮನೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ. ಬೇಡವೆಂದು ನಿರ್ಧರಿಸಿದ್ದರೆ ಅದು ಬೇರೆ ಮಾತು. ಅಲ್ಲಿ ನಿರ್ಧಾರವೇ ಇರಲಿಲ್ಲ. ಬಿಸಿಲೆಂದು ಛತ್ರಿ ಕೊಟ್ಟು ಕಳಿಸಿದ ಹಾಗೆ ಅಕ್ಕನನ್ನು ಕೊಟ್ಟು ಕಳಿಸಿದ್ದರು.

ಶಿಬಿರದ ಎರಡನೇ ವಾರ, ಮಂಗಳವಾರ, ಗಿರಣಿ ತಿರುಗಿಸುವ ರಬ್ಬರಿನ ಪಟ್ಟಾ ಹರಿಯಿತು. ಹೊಸದನ್ನು ತರಲು ಕೊಟ್ರೇಶ ಬೈಕ್ ಹತ್ತಿ ಹಾವೇರಿಗೆ ಹೋದ. ಪಟ್ಟಾ ಹೆಗಲಿಗೆ ಹಾಕಿಕೊಂಡು ಅಂಗಡಿಯಿಂದ ಹೊರಬಿದ್ದವನಿಗೆ, ಬಂದದ್ದೇ ಆಯಿತು, ಮಗ ಏನು ಮಾಡುತ್ತಿದ್ದಾನೆಂದು ನೋಡಿ ಹೋಗೋಣವೆನ್ನಿಸಿತು.

ಶಾಲೆಯ ಗೇಟಿನ ಹೊರಗೆ ಬೇವಿನ ಗಿಡ, ಸುತ್ತ ಸಿಮೆಂಟಿನ ಕಟ್ಟೆ. ಕಟ್ಟೆಯ ಮೇಲೆ ಮೂರ್ನಾಲ್ಕು ಹುಡುಗಿಯರು ತಮ್ಮಂದಿರ ಚೀಲ, ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಬ್ಬಳ ಸೊಂಟದ ಮೇಲೆ ಕೂಸು. ಅವರ ನಡುವೆ ದೀಪಿಕಾ ಇರಲಿಲ್ಲ.

ಅವನು ಗಾಬರಿಯಿಂದ ಗೇಟಿನೊಳಗೆ ಇಣುಕಿದ. ಅಂಗಳದಲ್ಲಿ ಮಕ್ಕಳು ದುಂಡಗೆ ನಿಂತು ಕಿರುಚುತ್ತಿದ್ದರು. ನಡುವೆ ಓಢಣಿಯನ್ನು ಸೊಂಟಕ್ಕೆ ಬಿಗಿದು, ಮೊಣಕಾಲೂರಿ, ಕೂದಲು ಮುಖಕ್ಕೆ ಚೆಲ್ಲಿಕೊಂಡು ಒಂದು ಕರಡಿ ಗರ್ಜಿಸುತ್ತಿತ್ತು. ಗರ್ಜಿಸಿ ತಲೆಯೆತ್ತಿದ ಕರಡಿ ಗೇಟಿನಲ್ಲಿ ನಿಂತ ಅಪ್ಪನನ್ನು ಕಂಡಿತು. ತಟ್ಟನೆ ಎದ್ದು ನಿಂತು ಕೂದಲು ಹಿಂದಕ್ಕೆ ಸರಿಸಿತು.

“ದೀಪಿ, ಚಪ್ಪಲಿ ಹಾಕ್ಕೊಂಡು ಬಾ,” ಎಂದ ಕೊಟ್ರೇಶ. ಜೋರು ಮಾಡಲಿಲ್ಲ. ಜೋರು ಮಾಡುವ ಜಾತಿಯ ಮನುಷ್ಯ ಅವನಲ್ಲ. ಅವಳು ಓಢಣಿ ಬಿಚ್ಚಿಕೊಳ್ಳುತ್ತ ವರಾಂಡದ ಕಡೆ ನಡೆದಳು.

ಶಿಬಿರ ನಡೆಸುವ ಮಹಮ್ಮದ್ ಹನೀಫ್ ರಾಣೆಬೆನ್ನೂರಿನವರು. ತೆಳ್ಳಗಿನ ಆಳು, ಮೈಗಿಂತ ದೊಡ್ಡ ದನಿ. ಬೆವರೊರೆಸಿಕೊಳ್ಳುತ್ತ ಬಂದರು. “ಓ, ದೀಪಿಕಾನ ತಂದೆಯವರು! ಬರ್ರಿ, ಕುಂದ್ರಿ.”

“ಕುಂದ್ರಾಕ ಬಂದಿಲ್ರಿ ಮಾಸ್ತರ. ನಾ ಹೆಸರು ಹಚ್ಚಿದ್ದು ಮಗಂದು.”

“ಹೌದ್ರಿ. ಈಕಿ ದಿನಾ ಹೊರಗ ಕಟ್ಟಿ ಮ್ಯಾಲೆ ಕುಂದ್ರತಿದ್ಲು. ನಾನ ಕರದೆ. ಮೊದಲ ಬರಲಿಲ್ಲ. ಎರಡನೇ ಸಲ ಕರದಾಗ ಬಂದ್ಲು. ಅದಕ್ಕ ಫೀ ಗೀ ಏನೂ ಬ್ಯಾಡ್ರಿ.”

“ಫೀ ಮಾತಲ್ಲರೀ. ದೊಡ್ಡಾಕಿ ಆಗ್ಯಾಳ. ನಡು ಬಯಲಾಗ ಮೊಣಕಾಲೂರಿ ಒದರಾಕತ್ತಾಳ. ನಾ ಗಿರಣಿ ಇಟ್ಟಾವ. ಊರ ಬಾಯಿ ಎಲ್ಲಾ ಹಿಟ್ಟಿನ ಜೋಡಿ ನನ್ನ ಬಾಗಲಕ್ಕ ಬರ್ತಾವ.”

“ಖರೇ ಐತ್ರಿ. ನನಗೂ ಮಗಳದಾಳ, ನನಗೂ ಓಣಿ ಐತಿ. ಅದನ್ನ ನಾ ಸುಳ್ಳನ್ನಂಗಿಲ್ಲ.”

ಹನೀಫರು ಇಷ್ಟು ಸಲೀಸಾಗಿ ಒಪ್ಪಿದ್ದು ಕೊಟ್ರೇಶನಿಗೆ ಕಸಿವಿಸಿಯಾಯಿತು. “ಆಕಿ ಕೈಯಾಗ ಏನರ ಕಲಾ ಇದ್ರ ಮಾತು ಬ್ಯಾರೆ ಇತ್ತು. ಐತೇನ್ರಿ? ಇದ್ದದ್ದು ಇದ್ದಂಗ ಹೇಳ್ರಿ.”

ಹನೀಫರು ವರಾಂಡದ ಕಡೆ ನೋಡಿ, ದೀಪಿಕಾ ದೂರವಿದ್ದಾಳೆಂದು ಖಾತ್ರಿ ಮಾಡಿಕೊಂಡರು. “ಇಲ್ರಿ,” ಎಂದರು. “ಹಾಡಿದ್ರ ಶ್ರುತಿ ಹತ್ತಂಗಿಲ್ಲ. ಮಾತು ಕೊಟ್ರ ಮರೀತಾಳ. ಕರಡಿಗೆ ಮಾತಿಲ್ಲ, ಅದಕ್ಕ ಕರಡಿ ಮಾಡೇನಿ. ಇನ್ನೊಂದು ಹೇಳ್ಲೇನ್ರಿ, ಸಿಟ್ಟಾಗಬಾರದು. ನಿಮ್ಮ ಮಗನಿಗೂ ಇಲ್ಲ. ಅಂವಾ ನಾಟಕದಾಗ ಗಿಡ ಆಗ್ಯಾನ. ನಿಂತಲ್ಲೇ ನಿಂದ್ರೂದು, ಅಷ್ಟ. ಅದರಾಗೂ ಮೂಗು ತುರಿಸ್ಕೋತಾನ. ಹೆಸರು ಹಚ್ಚೂಮುಂದ ನೀವು ಅವನ ಕಲಾ ಕೇಳಲಿಲ್ಲ. ‘ಆಡಲಿ ಬಿಡ್ರಿ’ ಅಂದ್ರಿ. ನಾ ಈಕಿಗೂ ಅದನ್ನ ಅಂದೆ.”

“ಮಾತಿನ ಮಲ್ಲ ಅದೀರಿ ಮಾಸ್ತರ,” ಎಂದು ಕೊಟ್ರೇಶ ಬೈಕಿನತ್ತ ತಿರುಗಿದ.

“ಐತವಾರ ನಾಟಕ ಐತ್ರಿ. ಶುಕ್ರವಾರ ತನಕ ಆಕಿ ಪಾತ್ರ ಹಂಗ ಇಡ್ತೇನಿ. ಅದು ದಾಟಿದ್ರ ಬ್ಯಾರೇದವರಿಗೆ ಕೊಡಬೇಕಾಗ್ತದ.”

ಕೊಟ್ರೇಶ ಪಟ್ಟಾವನ್ನು ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದ. ಮಹಾಂತುವನ್ನೂ ಕರೆದು, ಇಬ್ಬರನ್ನೂ ಬೈಕಿಗೆ ಹತ್ತಿಸಿಕೊಂಡು ಹೊರಟ. ಹರಿದ ಪಟ್ಟಾದ ಜಾಗಕ್ಕೆ ಹೊಸದು ಕೂತು ಗಿರಣಿ ತಿರುಗತೊಡಗಿದಾಗ, ದೀಪಿಕಾ ಯಾರೂ ಹೇಳದೆಯೇ ಹಿಟ್ಟು ತುಂಬಲು ನಿಂತಳು.

ಸಂಜೆ ಸುದ್ದಿ ಕೇಳಿದ ಅವನ ತಾಯಿ ನೀಲಗಂಗವ್ವ, “ಚಲೋ ಮಾಡ್ದಿ. ಹೆಣ್ಣಹುಡುಗಿ ಕರಡಿ ಆಗಿ ಯಾವ ಕಾಡಿಗೆ ಹೋಗಬೇಕಾಗೇತಿ?” ಎಂದಳು.

ಹೆಂಡತಿ ಶೈಲಾ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದಳು. “ಹಂಗಾರ ನಾಳೆ ಮಾಂತೂನ ಯಾರು ಕರ್ಕೊಂಡು ಹೋಗ್ತಾರ್ರಿ?”

ಇದನ್ನು ಯಾರೂ ಯೋಚಿಸಿರಲಿಲ್ಲ. ಮಹಾಂತು ಆಗಲೇ ಅಳುವ ತಯಾರಿಯಲ್ಲಿದ್ದ.

“ನೀ ಹೋಗು.”

“ನನ್ನ ಮುಂದ ಲಗ್ನದ ಜಂಪರ ರಾಶಿ ಬಿದ್ದಾವ. ದೀಪಿನ ಮತ್ತ ಕಳ್ಸಿದ್ರ ಒಳಗ ಹೋಗ್ತಾಳಂತ ನಿಮಗ ಚಿಂತಿ. ನೀವ ಹೋಗ್ರಲ್ಲ. ದೀಪಿ ಗಿರಣಿ ನೋಡ್ತಾಳ.”

“ಹೋಗ್ತೇನಿ. ಅದೇನ್ ದೊಡ್ಡ ಕೆಲಸ? ನೆಳ್ಳಾಗ ಕುಂದ್ರೂದು,” ಎಂದ ಕೊಟ್ರೇಶ. ಶೈಲಾಳ ಹೊಲಿಗೆ ಯಂತ್ರ ಸ್ವಲ್ಪ ಜೋರಾಗಿ ಓಡಿತು.

ಬುಧವಾರ ಬೆಳಿಗ್ಗೆ ಮಗನನ್ನು ಒಳಗೆ ಬಿಟ್ಟು ಅವನು ಬೇವಿನ ಕಟ್ಟೆಗೆ ಬಂದಾಗ ಹುಡುಗಿಯರು ಒಬ್ಬರಿಗೊಬ್ಬರು ಅಂಟಿ ಕೂತು ಜಾಗ ಬಿಟ್ಟರು. ಒಬ್ಬಳು ಪಿಸುಗುಟ್ಟಿದಳು. “ಅಕ್ಕಗೋಳು ಖಾಲಿ ಆದ್ರು, ಅಪ್ಪಗೋಳ ಪಾಳಿ ಬಂತು.” ಉಳಿದವರು ಓಢಣಿಯಲ್ಲಿ ನಗು ಮುಚ್ಚಿಕೊಂಡರು.

ಕೂಸನ್ನು ಎತ್ತಿಕೊಂಡಿದ್ದವಳು ಮಾತ್ರ ನಗಲಿಲ್ಲ. ಅವಳ ಹೆಸರು ತರನ್ನುಮ. “ಕಾಕಾ, ದೀಪಿಕಾ ಬರಂಗಿಲ್ಲೇನ್ರಿ?”

“ಮನ್ಯಾಗ ಕೆಲಸ ಐತವಾ.”

“ಇದೂ ಕೆಲಸಾನ ಅಲ್ಲೇನ್ರಿ?” ಎಂದಳು ಅವಳು, ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸುತ್ತ.

ಕಟ್ಟೆಯ ಮೇಲಿನ ಹೊತ್ತು ಗಿರಣಿಯ ಹೊತ್ತಿನಂತಲ್ಲ. ಸಾಗುವುದೇ ಇಲ್ಲ. ಕೊಟ್ರೇಶ ಮೊಬೈಲ್ ನೋಡಿದ, ಆಕಳಿಸಿದ, ಎದ್ದು ನಿಂತ, ಕೂತ. ಚಹಾ ಕುಡಿದು ಬರೋಣವೆಂದರೆ ಅಷ್ಟರಲ್ಲಿ ಮಗ ಹೊರಗೆ ಬಂದರೆ? ಒಳಗಿನಿಂದ ಆಗಾಗ ನಗು ಉಕ್ಕಿ ಬರುತ್ತಿತ್ತು. ಪ್ರತಿಸಲ ನಗು ಬಂದಾಗಲೂ ಕಟ್ಟೆಯ ಮೇಲಿನ ಹುಡುಗಿಯರ ಕುತ್ತಿಗೆಗಳು ಗೇಟಿನ ಕಡೆ ತಿರುಗುತ್ತಿದ್ದವು. ಏನಾಯಿತೆಂದು ಗೊತ್ತಾಗದೆ ಮತ್ತೆ ಮರಳುತ್ತಿದ್ದವು. ಅವನ ಕುತ್ತಿಗೆಯೂ ತಿರುಗಿತು.

ಬಿಡುವಿನಲ್ಲಿ ಮಹಾಂತು ಓಡಿ ಬಂದ. ಬರುತ್ತಲೇ ತಲೆಯ ಟೋಪಿ ತೆಗೆದು ಅಪ್ಪನ ಮಡಿಲಿಗೆ ಎಸೆದ. ಮಣ್ಣು ಮೆತ್ತಿದ ಕೈಯನ್ನು ಅವನ ಟವೆಲಿಗೆ ಒರೆಸಿದ. ಬಾಟಲಿ ಎತ್ತಿ ಒಂದು ಗುಟುಕು ಕುಡಿದು ಉಗುಳಿದ.

“ಥೂ, ನೀರು ಬಿಸಿ ಆಗ್ಯಾವ! ತಣ್ಣಗ ಇಡಾಕ ಬರಂಗಿಲ್ಲ? ಅಕ್ಕ ಹಸೀ ಅರಬಿ ಸುತ್ತಿ ಇಡ್ತಾಳ.”

ಕೊಟ್ರೇಶನ ಕೈ ಮೇಲೆದ್ದಿತು. “ಲೇ! ಯಾರ ಮುಂದ ಮಾತಾಡಾಕತ್ತಿ? ನಾ ನಿಮ್ಮಪ್ಪ ಅದೇನಿ!”

ಹುಡುಗ ಬೆದರಿ ಹಿಂದೆ ಸರಿದ. ಅವನ ಕಣ್ಣಲ್ಲಿ ಉಡಾಫೆ ಇರಲಿಲ್ಲ. ತಾನು ಮಾಡಿದ ತಪ್ಪೇನೆಂದು ಅವನಿಗೆ ನಿಜಕ್ಕೂ ತಿಳಿದಿರಲಿಲ್ಲ. “ಹೌದಪಾ,” ಎಂದ ಮೆಲ್ಲಗೆ, “ಆದ್ರ ನೀ ಅಕ್ಕನ ಜಾಗಾದಾಗ ಕುಂತೀಯಲ್ಲ.”

ಎತ್ತಿದ ಕೈ ಇಳಿಯಿತು. ಕಟ್ಟೆಯ ಹುಡುಗಿಯರು ಬೇರೆ ಕಡೆ ನೋಡಿದರು. ಅವರ ಮಡಿಲಲ್ಲೂ ಟೋಪಿಗಳಿದ್ದವು. ಮಗನಿಗೆ ನಾಟಕ ಬರುತ್ತದೋ ಇಲ್ಲವೋ, ಈ ಪಾಠವನ್ನಂತೂ ಅವನು ಪೂರ್ತಿ ಕಲಿತಿದ್ದ. ಕಲಿಸಿದವರು ಶಿಬಿರದವರಲ್ಲ.

ಅಂದು ಸಂಜೆ ಗಿರಣಿಯ ಬಾಗಿಲು ಹಾಕುವ ಹೊತ್ತಿಗೆ ದೀಪಿಕಾ ನೆಲ ಗುಡಿಸುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಕೆಂಪು ಖಾರದ ಪುಡಿ. ಕೊಟ್ರೇಶ ಚೀಲಗಳ ಮೇಲೆ ಕೂತ.

“ದೀಪಿ, ದಿನಾ ಅಲ್ಲಿ ಕುಂತು ಏನ್ ಮಾಡ್ತಿದ್ದಿ?”

“ಏನಿಲ್ಲಪಾ. ಗಜಗ ಆಡ್ತಿದ್ವಿ. ಒಳಗ ನಗೂದು ಕೇಳತಿತ್ತು. ಬಸ್ಸಿನ್ಯಾಗ ಮಾಂತೂನ ಕೇಳಿದ್ರ, ‘ಅದನ್ನ ಹೇಳಾಕ ಬರಂಗಿಲ್ಲ, ನೋಡಬೇಕು’ ಅಂತಿದ್ದ.”

“ನನಗರ ಹೇಳಬಾರದೇನು?”

“ಏನಂತ ಹೇಳ್ಲಿ?” ಅವಳು ಕಸಬರಿಗೆ ನಿಲ್ಲಿಸಿದಳು. “ನೀ ಹೊಡದಿಲ್ಲ, ಬೈದಿಲ್ಲ. ಕರ್ಕೊಂಡು ಹೋಗಂದಿ, ಹೋದೆ. ಇದರಾಗ ಹೇಳೂದೇನೈತಿ?”

ಕೊಟ್ರೇಶ ಟವೆಲಿನಿಂದ ಚೀಲದ ಮೇಲಿನ ಖಾರದ ಪುಡಿ ಝಾಡಿಸಿ, “ಕರಡಿ ಆಗಾಕ ಅಷ್ಟ್ಯಾಕ ಆಸೆ ನಿನಗ?” ಎಂದ.

ಮೊದಲ ಸಲ ಅವಳ ಮುಖದಲ್ಲೊಂದು ಬೆಳಕು ಬಂತು. “ಕರಡಿ ಅಲ್ಲಪಾ, ಒದರೂದು. ನಾ ಅಷ್ಟು ಜೋರ ಎಂದೂ ಒದರಿದ್ದಿಲ್ಲ. ನನ್ನ ದನಿ ಅಷ್ಟೈತಿ ಅಂತ ನನಗ ಗೊತ್ತ ಇದ್ದಿಲ್ಲ.” ಹೇಳಿ ನಾಚಿಕೊಂಡು ಮತ್ತೆ ಗುಡಿಸತೊಡಗಿದಳು.

ಗುರುವಾರ ಬಸ್ಸಿನ ಹಾರನ್ ಕೇಳಿದಾಗ ಗಿರಣಿಯ ಮುಂದೆ ಆಗಲೇ ಐದಾರು ಜನ ಚೀಲವಿಟ್ಟು ಕೂತಿದ್ದರು. ಕೊಟ್ರೇಶ ಯಂತ್ರ ಚಾಲೂ ಮಾಡಲಿಲ್ಲ.

“ದೀಪಿ, ಚಪ್ಪಲಿ ಹಾಕ್ಕೋ. ಮಾಂತು, ನಿನ್ನ ಚೀಲ ನೀ ಹೊತ್ಕೋ.”

“ಜನ ಏನಂತಾರೋ ಕೊಟ್ರಾ?” ಎಂದಳು ನೀಲಗಂಗವ್ವ, ಎಲ್ಲರಿಗೂ ಕೇಳುವಂತೆ.

“ಏನಂದ್ರು ಅಂತ ಸಂಜಿಗೆ ನೀನ ಹೇಳ್ ಬೇ. ಖಾರಕ್ಕ ಬಂದವರಿಗೆ ಮಧ್ಯಾನ ಬರ್ರಿ ಅನ್ನು.”

ಶೈಲಾ ಬಾಗಿಲಿಗೆ ಬಂದು ನಿಂತು, ಮಗಳ ಓಢಣಿಗೆ ಎರಡು ಪಿನ್ ಚುಚ್ಚಿ ಒಳಗೆ ಹೋದಳು.

ಶಿಬಿರದ ಗೇಟಿನಲ್ಲಿ ಹನೀಫರು ಗೆದ್ದವರ ಹಾಗೆ ನಗಲಿಲ್ಲ. “ಲಗೂನ ಬಾ ದೀಪಿಕಾ, ಗಿಡಗೋಳು ತಯಾರಾಗ್ಯಾವ,” ಎಂದರು ಅಷ್ಟೇ. ಅವಳು ಒಮ್ಮೆ ಅಪ್ಪನ ಮುಖ ನೋಡಿ ಒಳಗೆ ಓಡಿದಳು.

ಕೊಟ್ರೇಶನ ಕೆಲಸ ಅಲ್ಲಿಗೆ ಮುಗಿದಿತ್ತು. ಮಧ್ಯಾಹ್ನ ಅಕ್ಕ ತಮ್ಮ ಜೊತೆಯಾಗಿ ಬರುತ್ತಾರೆ, ಅವನು ಮರಳುವ ಬಸ್ಸಿಗೇ ಊರು ಸೇರಬಹುದಿತ್ತು. ಹೊರಟವನ ಕಣ್ಣಿಗೆ ಕಟ್ಟೆ ಬಿತ್ತು. ಹುಡುಗಿಯರು ದೀಪಿಕಾ ಹೋದ ದಾರಿಯನ್ನೇ ನೋಡುತ್ತಿದ್ದರು. ತರನ್ನುಮಳ ಕೂಸು ಅವಳ ಜಡೆ ಎಳೆಯುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ.

“ಮಾಸ್ತರು ನಿಮ್ಮನ್ನ ಕರದಿಲ್ಲೇನವಾ?”

“ಕರದಾರ್ರಿ ಕಾಕಾ. ಇವನ್ನ ಯಾರು ಹಿಡೀತಾರ? ಅಮ್ಮಿ ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗ್ತಾರ.”

“ಮನ್ಯಾಗ ಕೇಳೀಯೇನು?”

“ಅಬ್ಬಾಗ ಕೇಳೇನ್ರಿ. ‘ಹೋಗು, ಆದ್ರ ಅಶ್ಫಾಕನ್ನ ಯಾರು ನೋಡ್ಕೋತಾರ?’ ಅಂದ್ರು.” ಅವಳು ನಕ್ಕಳು. “ಹೂಂ ಅಂದಂಗೂ ಆತು, ಬ್ಯಾಡ ಅಂದಂಗೂ ಆತು.”

ಕೊಟ್ರೇಶ ರಸ್ತೆಯ ಕಡೆ ನೋಡಿದ. ಆಮೇಲೆ ಬಂದು ಕಟ್ಟೆಯ ಮೇಲೆ ಕೂತು ಎರಡೂ ಕೈ ಚಾಚಿದ. “ತಾ ಇಲ್ಲಿ.”

“ಅಳ್ತಾನ್ರಿ ಕಾಕಾ. ಹೊಸಬರನ್ನ ಕಂಡ್ರ ಊರು ಒಂದ ಮಾಡ್ತಾನ.”

“ಅತ್ರ ಅಳಲಿ. ನನ್ನ ಗಿರಣಿಗಿಂತ ಜೋರ ಅಳಂಗಿಲ್ಲ. ನೀವೆಲ್ಲಾ ಯಾಕ ಕುಂತೀರಿ? ಚೀಲ ಇಲ್ಲೇ ಇಟ್ಟು ಹೋಗ್ರಿ, ಕಾಯಾಕ ನಾ ಇದ್ದೇನಲ್ಲ.”

ಹುಡುಗಿಯರು ಮೊದಲು ನಂಬಲಿಲ್ಲ. ಆಮೇಲೆ ಒಬ್ಬಳು ಎದ್ದಳು, ಹಿಂದೆಯೇ ಮತ್ತೊಬ್ಬಳು. ತರನ್ನುಮ ಕೂಸನ್ನು ಅವನ ತೊಡೆಯ ಮೇಲೆ ಕೂಡಿಸಿ, ಎರಡು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತ ಗೇಟು ದಾಟಿದಳು. ಅಕ್ಕ ಮರೆಯಾದದ್ದೇ ತಡ, ಅಶ್ಫಾಕ ಕೊಟ್ರೇಶನ ಮೀಸೆ ನೋಡಿ ಬಾಯಿ ತೆರೆದ. ಬೇವಿನ ಗಿಡದ ಗುಬ್ಬಿಗಳೆಲ್ಲ ಹಾರಿದವು. ಕೊಟ್ರೇಶ ಅವನನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ, ಕಟ್ಟೆಯ ಸುತ್ತ ತಿರುಗತೊಡಗಿದ.

ಅಷ್ಟರಲ್ಲಿ ಮೊಬೈಲ್ ಬಡಿದುಕೊಂಡಿತು. ಊರಿನಿಂದ ಅಂದಾನೆಪ್ಪ, ಖಾರ ಕುಟ್ಟಿಸಲು ಬಂದವನು.

“ಎಲ್ಲಿ ಹೋಗೀಯೋ ಕೊಟ್ರೇಶಿ? ಬಾಗಲಾಗ ಮಂದಿ ಕುಂತೇತಿ. ಅದೇನ್ ಕೂಸು ಅಳಾಕತ್ತೈತಿ?”

“ಹಾವೇರಿಯಾಗ ಅದೇನಿ ಕಾಕಾ.”

“ಏನ್ ಮಾಡಾಕತ್ತಿ ಅಲ್ಲಿ?”

ಕೊಟ್ರೇಶ ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದ. ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಪಟ್ಟಾ ತರಲು ಬಂದಿದ್ದೇನೆ, ಬ್ಯಾಂಕಿನಲ್ಲಿ ಕೆಲಸವಿತ್ತು.

“ಕೂಸು ಆಡಸಾಕತ್ತೇನಿ,” ಎಂದ ಗಟ್ಟಿಯಾಗಿ. “ಹುಡುಗ್ಯಾರು ಒಳಗ ನಾಟಕ ಕಲಿಯಾಕತ್ತಾರ. ಅವರು ಬರೂತನಕ ನಾ ಬರಂಗಿಲ್ಲ.”